ಯುಎಇಯಲ್ಲಿ ವಿವಾಹಪೂರ್ವ ತಳಿ ಪರೀಕ್ಷೆ

ಸಂಯುಕ್ತ ಅರಬ್ ಎಮಿರೇಟ್ಸ್‌ನ ಪ್ರಜೆಗಳು ಮದುವೆಗೆ ಮುನ್ನ ಕಡ್ಡಾಯವಾಗಿ ಮಾಡಿಸಿಕೊಳ್ಳಬೇಕಾದ ಆನುವಂಶಿಕ ಪರೀಕ್ಷೆ. ಅಬುಧಾಬಿಯಲ್ಲಿ 2024ರ ಅಕ್ಟೋಬರ್ 1ರಂದು, ದುಬೈ ಸೇರಿ ಇಡೀ ಒಕ್ಕೂಟದಲ್ಲಿ 2025ರ ಜನವರಿಯಲ್ಲಿ ಜಾರಿಗೆ ಬಂತು. ವಧೂವರರ 570 ಜೀನ್‌ಗಳನ್ನು ಪರಿಶೀಲಿಸಿ, 840ಕ್ಕೂ ಹೆಚ್ಚು ಕಾಯಿಲೆಗಳು ಮಕ್ಕಳಿಗೆ ಬರುವ ಸಾಧ್ಯತೆಯನ್ನು ಹೇಳುತ್ತಾರೆ.

ಇದರ ಹಿನ್ನೆಲೆಯಲ್ಲಿರುವುದು ರಕ್ತಸಂಬಂಧದ ಮದುವೆ. ತಳಿವಿಜ್ಞಾನಿ ಲಿಹಾಧ್ ಅಲ್ ಗಝಾಲಿ ಮತ್ತು ಸಂಗಡಿಗರು ದುಬೈ, ಅಲ್ ಐನ್ ನಗರಗಳಲ್ಲಿ ನಡೆಸಿ 1997ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ಶೇ. 50.5ರಷ್ಟು ಮದುವೆಗಳು ಬಂಧುಗಳ ನಡುವಿನವು. ಹಿಂದಿನ ತಲೆಮಾರಿನಲ್ಲಿ ಅದು ಶೇ. 39 ಇತ್ತು. ತೈಲದ ಸಿರಿ, ಶಾಲೆ, ಆಸ್ಪತ್ರೆ ಎಲ್ಲ ಬಂದ ಮೇಲೆ ಈ ರೂಢಿ ಹೆಚ್ಚಿತೇ ಹೊರತು ತಗ್ಗಲಿಲ್ಲ. ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ಕನ್ನಡನಾಡಿನವರಿಗೆ ಇದು ಹೊಸದಲ್ಲ. ಅಲ್ಲಿ ಅಣ್ಣತಮ್ಮಂದಿರ ಮಕ್ಕಳೇ ಮದುವೆಯಾಗುವ ವಾಡಿಕೆಯಿದೆ ಎಂಬುದಷ್ಟೇ ವ್ಯತ್ಯಾಸ. ಬಂಧುಗಳಾದ ಇಬ್ಬರಲ್ಲೂ ಒಂದೇ ದೋಷದ ಜೀನ್ ಇರುವ ಸಂಭವ ಹೆಚ್ಚು. ತಂದೆತಾಯಿ ಇಬ್ಬರೂ ರಕ್ತದ ಕಾಯಿಲೆಯಾದ ಬೀಟಾ ಥಲಸ್ಸೀಮಿಯಾದ ವಾಹಕರಾಗಿದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಂಭವ ಶೇ. 25. ತೀವ್ರ ರೂಪದ ಕಾಯಿಲೆಯಿರುವ ಮಗುವಿಗೆ ಕೆಲವು ವಾರಗಳಿಗೊಮ್ಮೆ ಹೊರಗಿನಿಂದ ರಕ್ತ ಕೊಡುತ್ತಲೇ ಇರಬೇಕು. ಆ ಸಂಕಟವನ್ನು ತಪ್ಪಿಸುವ ಪ್ರಯತ್ನ ನ್ಯಾಯವಾದದ್ದು.

ಆದರೂ ಸರ್ಕಾರವೇ ಮದುವೆಗೆ ಮುನ್ನ ವಂಶವಾಹಿಗಳನ್ನು ನೋಡುತ್ತದೆ ಎಂದಾಗ ಯಾರು ಹೆರಬೇಕು, ಯಾರು ಹೆರಬಾರದು ಎಂದು ನಿರ್ಧರಿಸಹೊರಟ ಸುಪ್ರಜನನವಾದದ ಚರಿತ್ರೆ ನೆನಪಾಗುತ್ತದೆ, ಆಗಲೂಬೇಕು. 1883ರಲ್ಲಿ ಫ್ರಾನ್ಸಿಸ್ ಗಾಲ್ಟನ್ ‘ಯೂಜೆನಿಕ್ಸ್’ ಎಂದು ಹೆಸರಿಟ್ಟ ವಿಚಾರ ಅಮೆರಿಕದಲ್ಲಿ ಕಚೇರಿಯಾಗಿ ಬೆಳೆಯಿತು. ಕೋಲ್ಡ್ ಸ್ಪ್ರಿಂಗ್ ಹಾರ್ಬರ್‌ನ ಯೂಜೆನಿಕ್ಸ್ ದಾಖಲೆ ಕಚೇರಿ 1910ರಿಂದ 1939ರವರೆಗೆ ಇದ್ದು, ಕಾರ್ಯಕರ್ತರನ್ನು ಊರೂರಿಗೆ ಕಳಿಸಿ ವಂಶವೃಕ್ಷಗಳನ್ನು ಬರೆಸಿತು. ಬಡತನ, ಅಲೆಮಾರಿತನಗಳೂ ರಕ್ತದ ದೋಷವೆಂದು ದಾಖಲಾದವು. ಅದರ ಮೇಲ್ವಿಚಾರಕ ಹ್ಯಾರಿ ಲಾಫ್ಲಿನ್ ಬಲವಂತದ ಸಂತಾನಹರಣಕ್ಕೆ ಮಾದರಿ ಕಾಯ್ದೆಯನ್ನೇ ಬರೆದುಕೊಟ್ಟ. ಅದೇ ಜಾಡಿನ 1933ರ ಜರ್ಮನಿಯ ಕಾನೂನಿನಡಿ ಸುಮಾರು 4 ಲಕ್ಷ ಜನ ಬಲವಂತದ ಸಂತಾನಹರಣಕ್ಕೆ ಗುರಿಯಾದರು. ಅಮೆರಿಕದ ಆ ಕಚೇರಿಯ ಕಡತಗಳು ಈಗ ಫಿಲಡೆಲ್ಫಿಯಾದ ಅಮೆರಿಕನ್ ಫಿಲಸಾಫಿಕಲ್ ಸೊಸೈಟಿಯಲ್ಲಿವೆ. ಅನ್ಯಾಯ ಎಷ್ಟು ಅಚ್ಚುಕಟ್ಟಾಗಿ ನಡೆಯಿತೆಂಬುದಕ್ಕೆ ಅವೇ ಸಾಕ್ಷಿ.

ಎಮಿರೇಟ್ಸ್‌ನ ವ್ಯವಸ್ಥೆಯನ್ನು ಇದರೊಡನೆ ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪು. ಪರೀಕ್ಷೆ ಕಡ್ಡಾಯ, ಆದರೆ ವಾಹಕರೆಂದು ತಿಳಿದ ಜೋಡಿಗೆ ಮದುವೆ ನಿಷಿದ್ಧವಲ್ಲ. ವೈದ್ಯರು ತಿಳಿಹೇಳುತ್ತಾರೆ, ತೀರ್ಮಾನ ಜೋಡಿಯದೇ. ದುಬೈನ ಅರಬ್ ಜೀನೋಮ್ ಅಧ್ಯಯನ ಕೇಂದ್ರದ ಮಾಹಿತಿಕೋಶವೂ ಕಾಯಿಲೆ ಮತ್ತು ಜೀನ್‌ಗಳನ್ನು ಪಟ್ಟಿಮಾಡುತ್ತದೆಯೇ ಹೊರತು ಮನೆತನಗಳಿಗೆ ಹಣೆಪಟ್ಟಿ ಹಚ್ಚುವುದಿಲ್ಲ. ಎಮಿರಾತಿ ಜೀನೋಮ್ ಕಾರ್ಯಕ್ರಮ 10 ಲಕ್ಷ ಪ್ರಜೆಗಳ ಮಾದರಿ ಸಂಗ್ರಹಿಸುವ ಗುರಿ ಹೊಂದಿದೆ. ಇಂಥ ಮಾಹಿತಿಯ ಬಳಕೆಗೆ ಕಟ್ಟುಪಾಡು ಹಾಕಿರುವುದು 2023ರ 49ನೇ ಒಕ್ಕೂಟ ಕಾನೂನು.