ಊಲಾಂಗ್ ಚಹದ ಮೂಲವಿಚಾರ

ಚೀನದೇಶದ ಚಹಗಳಲ್ಲಿ ಊಲಾಂಗ್ ಎಂಬುದು ಹಸುರು ಚಹಕ್ಕೂ ಕರಿಯ ಚಹಕ್ಕೂ ನಡುವಣದು. ಕೊಯ್ದ ಎಲೆಯನ್ನು ಬಿಸಿಲಿನಲ್ಲಿ ಬಾಡಿಸಿ, ಕುಲುಕಿ ಅಂಚುಗಳನ್ನು ನಲುಗಿಸಿ, ಅವು ಕೆಂಪಾಗುತ್ತ ಬರಲು ಬಾಣಲೆಯಲ್ಲಿ ಹುರಿದು ಆ ವಿಕಾರವನ್ನು ತಡೆದು, ಕಡೆಗೆ ಕೆಂಡದ ಕಾವಿನಲ್ಲಿ ಒಣಗಿಸುವುದು ಇದರ ಕ್ರಮ. ಈ ಕ್ರಮವು ಫುಜಿಯನ್ ಪ್ರಾಂತದಲ್ಲಿ ಹುಟ್ಟಿತೆಂಬುದು ಬಹುಮಂದಿಗೆ ಸಮ್ಮತವಾದ ಮಾತು. ಆ ಪ್ರಾಂತದೊಳಗೆ ಎಲ್ಲಿ, ಯಾವಾಗ ಎಂಬಲ್ಲಿ ಮೂರು ಪಕ್ಷಗಳುಂಟು.

ಮೊದಲನೆಯ ಪಕ್ಷದವರು ಸೋಂಗ್ ಅರಸರ ಕಾಲದ (960–1279) ಬೇಯುವಾನ್ ತೋಟಗಳನ್ನು ತೋರಿಸುತ್ತಾರೆ. ಅಲ್ಲಿಂದ ಅರಮನೆಗೆ ಸಲ್ಲುತ್ತಿದ್ದ ಕಪ್ಪದ ಚಹವು ಡ್ರ್ಯಾಗನ್ ಮುದ್ರೆಯೊತ್ತಿದ ಬಿಲ್ಲೆಗಳಾಗಿತ್ತು. 1391ರಲ್ಲಿ ಮಿಂಗ್ ವಂಶದ ಹೊಂಗ್‌ವು ಚಕ್ರವರ್ತಿಯು ಬಿಲ್ಲೆಗಳನ್ನು ನಿಲ್ಲಿಸಿ ಬಿಡಿ ಎಲೆಯನ್ನೇ ಒಪ್ಪಿಸುವಂತೆ ಆಜ್ಞಾಪಿಸಿದನು. ಹಳೆಯ ಮುದ್ರೆಯ ನೆನಪೇ ಕಪ್ಪುಬಣ್ಣದ ಬಿಡಿ ಎಲೆಗೆ ಹೆಸರಾಗಿ ಉಳಿಯಿತೆಂದು ಇವರ ಊಹೆ. ಊಲಾಂಗ್ ಎಂದರೆ ಕರಿಯ ಡ್ರ್ಯಾಗನ್ ಎಂಬ ಅರ್ಥವೇನೋ ದಿಟ. ಆದರೆ ಸೋಂಗ್ ಕಾಲದ ಎಲೆಯನ್ನು ಮೊದಲೇ ಹಬೆಯಲ್ಲಿ ಬೇಯಿಸಿ, ಹಿಂಡಿ, ಅರೆಯುತ್ತಿದ್ದರು. ಹಬೆ ತಗುಲಿದ ಎಲೆಯ ಅಂಚು ಆಮೇಲೆ ಆ ಬಗೆಯಲ್ಲಿ ಕೆಂಪಾಗದು. ಶಬ್ದಸಾಮ್ಯವೊಂದರಿಂದಲೇ ವಂಶಾವಳಿಯನ್ನು ಕಟ್ಟುವವರು ಎಲ್ಲ ದೇಶಗಳಲ್ಲಿಯೂ ಇದ್ದಾರಷ್ಟೆ.

ಎರಡನೆಯದು ಆನ್‌ಶಿ ಸೀಮೆಯ ಪಕ್ಷ. ಬೇಟೆಗಾರನೊಬ್ಬನು ಮೃಗವನ್ನು ಅಟ್ಟಿಹೋಗಿ, ಬೆನ್ನಮೇಲಿನ ಬುಟ್ಟಿಯಲ್ಲಿದ್ದ ಎಲೆಯನ್ನು ಮರೆತನಂತೆ. ಕುಲುಕಿ ಬಾಡಿದ ಎಲೆ ಮರುದಿನ ಪರಿಮಳಿಸಿತಂತೆ. ಈ ಕಥೆ ಸೊಗಸಾದುದು, ಸಾಕ್ಷ್ಯವಲ್ಲ. ಈ ಪಕ್ಷದವರು ಊಲಾಂಗಿನ ಹುಟ್ಟನ್ನು 1725ರಿಂದ 1735ರೊಳಗೆ ಇಡುತ್ತಾರೆ.

ಮೂರನೆಯದಾದ ವೂಯಿ ಪರ್ವತದ ಪಕ್ಷಕ್ಕೆ ಲಿಖಿತಾಧಾರವಿದೆ. ಆ ಸೀಮೆಯ ಅಧಿಕಾರಿಯಾಗಿದ್ದ ಲು ಟಿಂಗ್‌ತ್ಸಾನ್ ಎಂಬವನು 1734ರಲ್ಲಿ ಮುಗಿಸಿದ ಚಹಗ್ರಂಥದಲ್ಲಿ ವಾಂಗ್ ತ್ಸಾವ್‌ಟಾಂಗ್ ಎಂಬ ಹಿಂದಿನ ಲೇಖಕನ ಮಾತನ್ನು ಉದ್ಧರಿಸಿದ್ದಾನೆ. ವೂಯಿಯವರು ಎಲೆಯನ್ನು ಗಾಳಿಬಿಸಿಲುಗಳಲ್ಲಿ ಹರಡಿ, ಕುಲುಕಿ, ಪರಿಮಳವೇಳುತ್ತಲೇ ಹುರಿದು ಒಣಗಿಸುವರೆಂದೂ, ಕುದಿನೀರಿನಲ್ಲಿ ಆ ಎಲೆ ಅರ್ಧ ಹಸುರು ಅರ್ಧ ಕೆಂಪಾಗಿ ಕಾಣುವುದೆಂದೂ ಅದರ ತಾತ್ಪರ್ಯ. ಕೆಂಪು ಕೆಂಡದ ಕಾವಿನಿಂದ ಬಂದುದೆಂದು ವಾಂಗನು ಬಗೆದನು. ಅದು ನಲುಗಿದ ಅಂಚಿನ ರಸವು ಗಾಳಿಯ ಸಂಪರ್ಕದಿಂದ ಮಾರ್ಪಟ್ಟುದರ ಫಲ. ಕಾರಣವನ್ನು ತಪ್ಪಾಗಿ ಹೇಳಿದವನು ಕಂಡುದನ್ನು ಮಾತ್ರ ಸರಿಯಾಗಿ ಹೇಳಿದ್ದಾನೆ. ಸಿದ್ಧಾಂತಕ್ಕೆ ಹೊಂದಿಸಿ ಬರೆದುದಲ್ಲವಾದುದರಿಂದ ಆ ವರ್ಣನೆಗೆ ಬೆಲೆ ಹೆಚ್ಚು.

ಇದಕ್ಕೂ ಹಿರಿದಾದ ಸಾಕ್ಷ್ಯ ಒಂದು ಕವಿತೆಯದು. ಷಿಯಾಮೆನ್ ಸೀಮೆಯ ರುವಾನ್ ಮಿನ್‌ಶಿಯು ಮಿಂಗ್ ಪಕ್ಷದ ಸೇನಾನಿ ಜೆಂಗ್ ಚೆಂಗ್‌ಗೊಂಗನ ಅನುಯಾಯಿಯಾಗಿದ್ದು, ಬಳಿಕ ಚಾವ್‌ಚುವಾನ್ ಎಂಬ ಹೆಸರಿನ ಬೌದ್ಧಭಿಕ್ಷುವಾಗಿ ವೂಯಿಯಲ್ಲಿ ನೆಲಸಿದನು. ಕಾಂಗ್‌ಶಿ ಚಕ್ರವರ್ತಿಯ ಆಳಿಕೆಯಲ್ಲಿ (1661–1722) ಬಾಳಿದ ಇವನು ಆನ್‌ಶಿಯ ಚಹವನ್ನು ಕುರಿತ ಹಾಡಿನಲ್ಲಿ, ಪಡುವಣ ಹಡಗುಗಳು ವರುಷವರುಷವೂ ಬಂದು ವೂಯಿಯ ಚಹವನ್ನು ಕೊಳ್ಳುವುದನ್ನು ಕಂಡು ಆನ್‌ಶಿಯವರು ಅದನ್ನು ಅನುಕರಿಸಿದರೆಂದು ಹೇಳುತ್ತಾನೆ. (ಬಂಡೆಚಹದ ಮಾದರಿಯೆಂಬುದೇ ಅವನ ಮಾತಿನ ಭಾವ. ಇಂಗ್ಲಿಷಿನವರ ‘ಟೀ’ ಎಂಬ ಶಬ್ದವೂ ಅದೇ ಕರಾವಳಿಯ ನುಡಿಯಿಂದ ಹಡಗೇರಿತು. ನಮ್ಮ ‘ಚಹ’ವು ‘ಚಾ’ ಎಂಬ ಚೀನದ ಇನ್ನೊಂದು ರೂಪದಿಂದ ಬಂದುದು.) ಕವಿಯ ಹುಟ್ಟೂರು ಆನ್‌ಶಿಗೆ ನೆರೆಯದು. ತನ್ನ ಕಡೆಯವರೇ ಅನುಕರಿಸಿದವರೆಂದು ನುಡಿದ ಸಾಕ್ಷಿಯನ್ನು ಪಕ್ಷಪಾತಿಯೆಂದು ತಳ್ಳುವುದು ಕಷ್ಟ.

ಆದರೂ ವೂಯಿಯವರು ಹಿಗ್ಗುವಂತಿಲ್ಲ. ಅದೇ ಹಾಡು ವೂಯಿಯಲ್ಲಿ ಈಚೆಗೆ ಚಹವನ್ನು ಮಾಡುವವರು ಜಾಂಗ್‌ಜೋವಿನವರೆಂದೂ ಹೇಳುತ್ತದೆ. ಜಾಂಗ್‌ಜೋ ತೆಂಕಣ ಕರಾವಳಿಯ ನಾಡು, ಆನ್‌ಶಿಯ ಮಗ್ಗುಲಿನದು. ಬೆಟ್ಟ ಬಡಗಣದು, ಕೈ ತೆಂಕಣದು ಎಂದಾಗುತ್ತದೆ. ಊಲಾಂಗ್ ಎಂಬ ಹೆಸರು ವಾಂಗನ ವರ್ಣನೆಯಲ್ಲಿಲ್ಲ. ಆದುದರಿಂದ ಹೆಸರಿನ ಚರಿತ್ರೆಯನ್ನು ವಿಧಾನದ ಚರಿತ್ರೆಯೊಡನೆ ಬೆರಸದೆ ಬೇರೆಯಾಗಿಯೇ ವಿಚಾರಿಸತಕ್ಕುದು.