ಮಾತೇ ಆಯುಧ: ಜರ್ಮನ್ ಕಮಾಂಡ್ ಟ್ಯಾಂಕಿನ ಕಥೆ

ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಸೇನೆಯ ಟ್ಯಾಂಕ್ ರೆಜಿಮೆಂಟುಗಳ ಜೊತೆ ಫಿರಂಗಿಯೇ ಇಲ್ಲದ ಟ್ಯಾಂಕುಗಳೂ ಮುಂಚೂಣಿಗೆ ಹೋಗುತ್ತಿದ್ದವು. ಪಡೆಯ ನಾಯಕನನ್ನು, ಅವನ ನಕ್ಷೆಗಳನ್ನು ಮತ್ತು ರೇಡಿಯೊಗಳನ್ನು ಹೊತ್ತು ಸಾಗುವುದೇ ಇವುಗಳ ಕೆಲಸ. ಜರ್ಮನ್ನರು ಇದನ್ನು ಪಾಂಜರ್‌ಬೆಫೇಲ್ಸ್‌ವಾಗನ್ ಎಂದು ಕರೆದರು. ಒಂದು ಟ್ಯಾಂಕು ಚೆನ್ನಾಗಿ ಮಾತಾಡಬೇಕು, ಶತ್ರುವಿನ ಕಣ್ಣಿಗೆ ಬೀಳಬಾರದು, ಬೇಕಾದಾಗ ಹೋರಾಡಲೂ ಬೇಕು ಎಂಬ ಮೂರು ಬೇಡಿಕೆಗಳು ಒಂದಕ್ಕೊಂದು ಹೊಂದುವಂಥವಲ್ಲ. ಈ ವಾಹನದ ವಿನ್ಯಾಸ ವರ್ಷದಿಂದ ವರ್ಷಕ್ಕೆ ಬದಲಾದದ್ದು ಈ ಜಗ್ಗಾಟದಿಂದಲೇ.

ಮೊದಲ ಮಹಾಯುದ್ಧದ ಟ್ಯಾಂಕುಗಳಿಗೆ ಇಂಥ ಅನುಕೂಲವಿರಲಿಲ್ಲ. 1917ರ ನವೆಂಬರ್ 20ರಂದು ಫ್ರಾನ್ಸಿನ ಕಾಂಬ್ರೆಯಲ್ಲಿ ಬ್ರಿಟಿಷ್ ಟ್ಯಾಂಕ್ ಪಡೆಯ ಮುಖ್ಯಸ್ಥ ಹ್ಯೂ ಎಲ್ಲೆಸ್ 'ಹಿಲ್ಡಾ' ಎಂಬ ಟ್ಯಾಂಕು ಏರಿ, ಬಾವುಟ ಹಾರಿಸುತ್ತ ದಾಳಿಯ ಮುಂದೆಯೇ ಸಾಗಿದ. ಸೈನಿಕರಿಗೆ ಹುರುಪು ತುಂಬಿದ್ದೇನೋ ನಿಜ. ಆದರೆ ದಾಳಿ ಶುರುವಾದ ಮೇಲೆ ಅವನ ಆಜ್ಞೆ ಪಕ್ಕದ ಟ್ಯಾಂಕಿಗೂ ಮುಟ್ಟುವಂತಿರಲಿಲ್ಲ. ಸುದ್ದಿ ಕಳಿಸಲು ಮುಖ್ಯವಾಗಿ ಇದ್ದದ್ದು ಬಾವುಟ, ಓಲೆಕಾರ ಮತ್ತು ಟ್ಯಾಂಕಿನೊಳಗೇ ಇಟ್ಟುಕೊಂಡ ಪಾರಿವಾಳಗಳು.

ಜರ್ಮನಿಯಲ್ಲಿ ಟ್ಯಾಂಕ್ ಪಡೆಯನ್ನು ಕಟ್ಟಿದವರಲ್ಲಿ ಪ್ರಮುಖನಾದ ಹೈನ್ಸ್ ಗುಡೇರಿಯನ್ ಆ ಯುದ್ಧದ ಆರಂಭದಲ್ಲಿ ನಿಸ್ತಂತು ಘಟಕದಲ್ಲಿ ಕೆಲಸ ಮಾಡಿದ್ದವನು. ಪ್ರತಿ ಟ್ಯಾಂಕಿಗೂ ರೇಡಿಯೊ ಬೇಕು, ನಾಯಕ ಹಿಂದಿನ ಬಂಗಲೆಯಲ್ಲಿ ಕೂರದೆ ಟ್ಯಾಂಕುಗಳ ಜೊತೆಗೇ ಹೋಗಬೇಕು ಎಂದು ಅವನು ಪಟ್ಟುಹಿಡಿದ. 1930ರ ದಶಕದ ನಡುವೆ ಇದರ ಮೊದಲ ಫಲ ಸಿಕ್ಕಿತು: ಪಾಂಜರ್ 1 ಎಂಬ ಪುಟ್ಟ ಟ್ಯಾಂಕಿನ ತಿರುಗುವ ಗೋಪುರ ತೆಗೆದು, ಆ ಜಾಗದಲ್ಲಿ ಎತ್ತರದ ಉಕ್ಕಿನ ಪೆಟ್ಟಿಗೆ ಕೂರಿಸಿದ ಕಮಾಂಡ್ ವಾಹನ. ಇಂಥವು ಸುಮಾರು 190 ತಯಾರಾದವು. ಆರು ಟನ್ನಿನೊಳಗಿನ ತೂಕ, ಮೂರೇ ಜನ, ಒಂದೇ ಮಷಿನ್‌ಗನ್. ಇದರ ಕವಚ ರೈಫಲ್ ಗುಂಡು ತಡೆಯುವಷ್ಟಿತ್ತು, ಅದಕ್ಕಿಂತ ದೊಡ್ಡದು ಬಡಿದರೆ ಉಳಿಗಾಲವಿಲ್ಲ. ನಾಯಕ, ಚಾಲಕ, ರೇಡಿಯೊದವ ಕೂತ ಮೇಲೆ ನಕ್ಷೆ ಬಿಡಿಸಲೂ ಒಳಗೆ ಜಾಗ ಸಾಲುತ್ತಿರಲಿಲ್ಲ.

ಹೀಗಾಗಿ ಪಾಂಜರ್ 3ರ ಮೇಲೆ ದೊಡ್ಡ ಕಮಾಂಡ್ ಟ್ಯಾಂಕು ರೂಪುಗೊಂಡಿತು. 1938ರಿಂದ ಡಿ1, ಇ ಮತ್ತು ಎಚ್ ಎಂಬ ಮೂರು ಮಾದರಿಗಳು ಬಂದವು; ಮೂರೂ ಸೇರಿ 250. ಇದರ ಗೋಪುರ ತಿರುಗುವುದಿಲ್ಲ, ಬೋಲ್ಟ್ ಹಾಕಿ ಬಿಗಿದಿದೆ. ಅದರಿಂದ ಹೊರಚಾಚಿದ ಫಿರಂಗಿ ತೋರಿಕೆಯದು. ನಿಜವಾದ ಫಿರಂಗಿಯ ಹಿಂಭಾಗ, ಅದು ಹಿಮ್ಮೆಟ್ಟಲು ಬೇಕಾದ ಜಾಗ, ಶೆಲ್ಲುಗಳ ಅಟ್ಟಣೆ ಇವೆಲ್ಲ ಇಲ್ಲವಾದ್ದರಿಂದ ಒಳಗೆ ರೇಡಿಯೊಗಳಿಗೂ ನಕ್ಷೆಯ ಮೇಜಿಗೂ ಸ್ಥಳವಾಯಿತು. ಆತ್ಮರಕ್ಷಣೆಗೆ ಗೋಪುರದಲ್ಲೊಂದು ಎಂಜಿ 34 ಮಷಿನ್‌ಗನ್ ಮಾತ್ರ. ಮುಂಭಾಗದ ಮಷಿನ್‌ಗನ್ ಇರಬೇಕಾದಲ್ಲಿ ಪಿಸ್ತೂಲು ತೂರಿಸುವಷ್ಟು ಕಿಂಡಿ. ಒಳಗಿನ ಐವರಲ್ಲಿ ಇಬ್ಬರು ರೇಡಿಯೊದವರು. ಉಳಿದವರು ನಾಯಕ, ಅವನ ಸಹಾಯಕ ಅಧಿಕಾರಿ ಮತ್ತು ಚಾಲಕ.

ರೇಡಿಯೊಗಳಲ್ಲಿ ಸಾಮಾನ್ಯವಾಗಿ ಎರಡು ಬಗೆ ಇರುತ್ತಿದ್ದವು. ತನ್ನದೇ ಟ್ಯಾಂಕುಗಳ ಜೊತೆ ಮಾತಾಡಲು 20 ವ್ಯಾಟಿನ ಫುಗ್ 6. ಇದು 27.2ರಿಂದ 33.3 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತಿತ್ತು; ಅಲ್ಲಿ ತರಂಗದ ಉದ್ದ ಒಂಬತ್ತರಿಂದ ಹನ್ನೊಂದು ಮೀಟರ್. ಅದರ ಕಾಲು ಭಾಗಕ್ಕೆ ಹತ್ತಿರವಾದ ಎರಡು ಮೀಟರಿನ ಸಪೂರ ಕಡ್ಡಿಯೊಂದಿದ್ದರೆ ಆಂಟೆನಾ ಆಯಿತು, ದೂರದಿಂದ ಕಾಣುವುದೂ ಇಲ್ಲ. ತೊಂದರೆ ಇದ್ದದ್ದು ಎರಡನೆಯದರಲ್ಲಿ. ಡಿವಿಜನ್ನಿನ ಕೇಂದ್ರ ಕಾರ್ಯಾಲಯದ ಜೊತೆ ಸಂಪರ್ಕಕ್ಕೆ ಇಟ್ಟಿದ್ದ 30 ವ್ಯಾಟಿನ ಫುಗ್ 8ರ ತರಂಗಗಳು ನೂರು ಮೀಟರಿಗೂ ಉದ್ದ. ಅಷ್ಟುದ್ದದ ತರಂಗವನ್ನು ಹತ್ತಾರು ಕಿಲೊಮೀಟರ್ ಆಚೆ ಮುಟ್ಟಿಸಲು ಸಣ್ಣ ಕಡ್ಡಿ ಸಾಲದು. ಅದಕ್ಕೆಂದೇ ಎಂಜಿನ್ನಿನ ಮೇಲ್ಭಾಗದಲ್ಲಿ ಕಂಬಗಳ ಮೇಲೆ ಕೊಳವೆಗಳ ದೊಡ್ಡ ಚೌಕಟ್ಟೊಂದನ್ನು ನಿಲ್ಲಿಸಿದರು. ನೋಡಲು ಹಗ್ಗ ಬಿಚ್ಚಿದ ಮಂಚದಂತೆ. ಟ್ಯಾಂಕು ನಿಂತಿದ್ದಾಗ ಎತ್ತರದ ಕಂಬವೊಂದನ್ನು ಮೇಲಕ್ಕೆ ಏರಿಸಿದರೆ ಮಾತು ಇನ್ನೂ ದೂರ ಹೋಗುತ್ತಿತ್ತು. ಮಾತಿಗಿಂತ ಮೋರ್ಸ್ ಸಂಕೇತ ಮತ್ತೂ ದೂರ. ಕೆಲವು ಟ್ಯಾಂಕುಗಳಲ್ಲಿ ಫುಗ್ 8ರ ಬದಲು ವಿಮಾನಗಳ ಜೊತೆ ಮಾತಾಡಬಲ್ಲ ಫುಗ್ 7 ಇರುತ್ತಿತ್ತು.

1940ರ ಫ್ರಾನ್ಸ್ ಕದನದಲ್ಲಿ ಈ ಏರ್ಪಾಡಿನ ಬೆಲೆ ತಿಳಿಯಿತು. ಕವಚದಲ್ಲೂ ಫಿರಂಗಿಯಲ್ಲೂ ಹಲವು ಫ್ರೆಂಚ್ ಟ್ಯಾಂಕುಗಳು ಜರ್ಮನ್ ಟ್ಯಾಂಕುಗಳಿಗಿಂತ ಮಿಗಿಲಾಗಿದ್ದವು. ಆದರೆ ಅವರ ಹಗುರ ಟ್ಯಾಂಕುಗಳಲ್ಲಿ ಬಹಳಷ್ಟಕ್ಕೆ ರೇಡಿಯೊ ಇರಲಿಲ್ಲ, ಬಾವುಟ ಬೀಸಿಯೇ ಸೂಚನೆ ಕೊಡಬೇಕಿತ್ತು. ಜರ್ಮನ್ ಟ್ಯಾಂಕುಗಳಲ್ಲಿ ಅತಿ ಸಣ್ಣದಕ್ಕೂ ಕೇಳಿಸಿಕೊಳ್ಳುವ ಗ್ರಾಹಕವಾದರೂ ಇತ್ತು. ಆ ಗೆಲುವಿಗೆ ಕಾರಣ ಹಲವಿದ್ದರೂ, ಫಿರಂಗಿಯಿಲ್ಲದ ಈ ಟ್ಯಾಂಕಿನ ಪಾಲು ಅದರಲ್ಲಿ ಸಣ್ಣದೇನಲ್ಲ.

ಆದರೆ ಮಂಚದಂಥ ಆಂಟೆನಾ ಮರೆಮಾಚುವ ಉಪಾಯವನ್ನೆಲ್ಲ ಮಣ್ಣುಪಾಲು ಮಾಡುತ್ತಿತ್ತು. ಕಳ್ಳ ಫಿರಂಗಿಯನ್ನು ದೂರದಿಂದ ಗುರುತಿಸುವುದು ಕಷ್ಟ. ಅಷ್ಟು ದೊಡ್ಡ ಚೌಕಟ್ಟನ್ನು ಗುರುತಿಸಲು ದುರ್ಬೀನೂ ಬೇಡ. ಯಾವುದಕ್ಕೆ ಮೊದಲು ಗುರಿಯಿಡಬೇಕೆಂಬುದು ಎದುರಾಳಿಗೆ ತಾನಾಗಿ ತಿಳಿಯುತ್ತಿತ್ತು. ಸೋವಿಯತ್ ಪಡೆಗೂ ಇದೇ ಪಾಡು: ಟಿ-26 ಮತ್ತು ಬಿಟಿ ಸರಣಿಯಲ್ಲಿ ರೇಡಿಯೊ ಇದ್ದ ನಾಯಕರ ಟ್ಯಾಂಕಿನ ಗೋಪುರವನ್ನು ಸುತ್ತುವರಿದ ಕಂಬಿಯ ಆಂಟೆನಾ ಶತ್ರುವಿಗೆ ಗುರುತಾಗುತ್ತಿತ್ತು. ಅವರೂ ಮುಂದೆ ಅದನ್ನು ಬಿಟ್ಟು ಕಡ್ಡಿ ಆಂಟೆನಾಗೆ ಹೊರಳಿದರು. ರಷ್ಯಾ ಮತ್ತು ಉತ್ತರ ಆಫ್ರಿಕಾದ ಬಯಲುಗಳಲ್ಲಿ ಕಾದಾಟ ಹತ್ತಿರದಿಂದ ನಡೆದಾಗ ಒಂದು ಮಷಿನ್‌ಗನ್ನಿನಿಂದ ಜರ್ಮನ್ ಕಮಾಂಡ್ ಟ್ಯಾಂಕು ತನ್ನನ್ನು ಕಾಪಾಡಿಕೊಳ್ಳುವುದೂ ಕಷ್ಟವಾಯಿತು. ಜರ್ಮನ್ ಸೇನಾಪತಿ ರೊಮ್ಮೆಲ್ ಅಂತೂ ಆಫ್ರಿಕಾದಲ್ಲಿ ಬ್ರಿಟಿಷರಿಂದ ವಶಪಡಿಸಿಕೊಂಡ ದೈತ್ಯಗಾತ್ರದ ಡಾರ್ಚೆಸ್ಟರ್ ಕವಚ ವಾಹನಗಳನ್ನೇ ತನ್ನ ಕಾರ್ಯಾಲಯ ಮಾಡಿಕೊಂಡ.

1942ರಿಂದ ಜರ್ಮನ್ನರು ದಾರಿ ಬದಲಿಸಿದರು. ಪಾಂಜರ್ 3ರ ಕಮಾಂಡ್ ಟ್ಯಾಂಕಿಗೆ ತಿರುಗುವ ಗೋಪುರವೂ 5 ಸೆಂ.ಮೀ. ವ್ಯಾಸದ ನಿಜವಾದ ಫಿರಂಗಿಯೂ ಬಂದವು. ಪ್ಯಾಂಥರ್ ಮತ್ತು ಟೈಗರ್ ಎಂಬ ಹೊಸ ಟ್ಯಾಂಕುಗಳು ಬರುವ ವೇಳೆಗೆ ಪ್ರತ್ಯೇಕ ವಾಹನವೇ ಬೇಡವಾಯಿತು. ಯುದ್ಧದ ಟ್ಯಾಂಕಿಗೇ ಇನ್ನೊಂದು ರೇಡಿಯೊ ಸೇರಿಸಿದರೆ ಸಾಕಾಗುತ್ತಿತ್ತು. ಚೌಕಟ್ಟಿನ ಜಾಗಕ್ಕೆ ಸುಮಾರು ಒಂದೂವರೆ ಮೀಟರ್ ಎತ್ತರದ, ತುದಿಯಲ್ಲಿ ಸುತ್ತ ಕಡ್ಡಿಗಳು ಚಾಚಿದ ನಕ್ಷತ್ರಾಕಾರದ ಆಂಟೆನಾ ಬಂತು. ಇದಕ್ಕೆ ತೆತ್ತದ್ದು ಶೆಲ್ಲುಗಳಲ್ಲಿ: ಟೈಗರ್‌ನಲ್ಲಿ 92 ಇದ್ದದ್ದು 66ಕ್ಕೆ ಇಳಿಯಿತು, ಪ್ಯಾಂಥರ್‌ನಲ್ಲಿ 79 ಇದ್ದದ್ದು 64ಕ್ಕೆ. ಟೈಗರ್‌ನಲ್ಲಿ ಫಿರಂಗಿಯ ಪಕ್ಕದ ಮಷಿನ್‌ಗನ್ನನ್ನೂ ತೆಗೆದರು. ಶೆಲ್ ತುಂಬುವವನೇ ಎರಡನೆಯ ರೇಡಿಯೊ ನೋಡಿಕೊಳ್ಳಬೇಕು. ಕಾದಾಟ ಬಿಸಿಯಾದಾಗ ಅವನ ಕೈ ಎರಡೂ ಕಡೆ ಬೇಕಾಗುತ್ತಿತ್ತು. ಹೊಸ ಆಂಟೆನಾ ಹಿಂದಿನದರಷ್ಟು ಎದ್ದು ಕಾಣದಿದ್ದರೂ, ಬಲ್ಲವರ ಕಣ್ಣಿಗೆ ಅದೂ ಗುರುತೇ. ಜರ್ಮನಿಯ ಹೆಸರಾಂತ ಟ್ಯಾಂಕ್ ನಾಯಕ ಮಿಖಾಯೆಲ್ ವಿಟ್‌ಮನ್ 1944ರ ಆಗಸ್ಟ್ 8ರಂದು ನಾರ್ಮಂಡಿಯಲ್ಲಿ ಸತ್ತದ್ದು ಇಂಥದೇ ಕಮಾಂಡ್ ಟೈಗರ್‌ನಲ್ಲಿ. ಅದರ ಸಂಖ್ಯೆ 007.