ಡ್ರಾಕುಲನ ಮೀಸೆ



ಕಳೆದ ವಾರ ಅಟ್ಟವನ್ನು ಶುಚಿಗೊಳಿಸುವಾಗ ನಮ್ಮ ಶಾಲೆಯ ಕೈಬರಹದ ಪತ್ರಿಕೆಗಳ ಹಳೆಯ ಕಟ್ಟೊಂದು ದೊರೆಯಿತು. ಅದರಲ್ಲಿ 1991ರ ವಾರ್ಷಿಕ ಸಂಚಿಕೆಯೂ ಇತ್ತು. ಆ ವರ್ಷ ಒಂಬತ್ತನೆಯ ತರಗತಿಯವರಿಗೆ ನಾನೊಂದು ಸ್ಪರ್ಧೆ ಇಟ್ಟಿದ್ದೆ: ನಿಮಗೆ ಮೆಚ್ಚುಗೆಯಾದ ಪುಸ್ತಕಕ್ಕೆ ನೀವೇ ಮುಖಪುಟ ಬರೆಯಿರಿ ಎಂದು. ಬಹುಮಾನ ಪಡೆದ ಚಿತ್ರವನ್ನು ಸಂಚಿಕೆಯ ನಡುವೆ ಅಂಟಿಸಿದ್ದೆವು. ಕಪ್ಪು ನಿಲುವಂಗಿ, ಕಿವಿಯವರೆಗೆ ಎದ್ದು ನಿಂತ ಕಾಲರು, ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ಕೂದಲು, ತುಟಿಯಂಚಿನಲ್ಲಿ ಎರಡು ಕೋರೆಹಲ್ಲು. ಕೆಳಗೆ ಕೆಂಪಕ್ಷರದಲ್ಲಿ 'ಡ್ರಾಕುಲಾ'. ಬಣ್ಣ ಇನ್ನೂ ಮಾಸಿಲ್ಲ.

ಆದರೆ ಅದು ಆ ಹುಡುಗ ಬರೆದ ಎರಡನೆಯ ಚಿತ್ರ. ಮೊದಲನೆಯದರಲ್ಲಿ ಕೋಟೆಯ ಬಾಗಿಲಲ್ಲಿ ಉದ್ದನೆಯ ಬಿಳಿಮೀಸೆಯ ಮುದುಕನೊಬ್ಬ ಒಂದು ಕೈಯಲ್ಲಿ ದೀಪ ಹಿಡಿದು ಮತ್ತೊಂದು ಕೈಯೆತ್ತಿ ಒಳಗೆ ಕರೆಯುತ್ತಿದ್ದ. ಹಿಂದೆ ಗೋಡೆಯ ಮೇಲೆ ಅದೇ ಮುದುಕ ತಲೆಕೆಳಗಾಗಿ ಹರಿದು ಇಳಿಯುತ್ತಿದ್ದ. ನಾನು ಅದನ್ನು ಇಡೀ ತರಗತಿಗೆ ಎತ್ತಿ ತೋರಿಸಿ, "ಇದೇನಯ್ಯ, ಡ್ರಾಕುಲನೋ ನಿಮ್ಮ ತಾತನೋ? ಗೋಡೆಯ ಮೇಲಿರುವುದು ಹಲ್ಲಿಯೋ?" ಎಂದೆ. ಮಕ್ಕಳು ನಕ್ಕರು. ಹುಡುಗ ಮೆಲ್ಲಗೆ, "ಪುಸ್ತಕದಲ್ಲಿ ಹಾಗೇ ಇದೆ, ಸಾರ್" ಎಂದ. ಮುಂಬಯಿಯಿಂದ ಅವನ ಸೋದರಮಾವ ತಂದುಕೊಟ್ಟಿದ್ದ ಇಂಗ್ಲಿಷ್ ಪುಸ್ತಕವನ್ನು ನಿಘಂಟು ಹಿಡಿದು ಓದಿದ್ದನಂತೆ. ನಾನು ಪುಸ್ತಕವನ್ನು ಕೇಳಿ ನೋಡಲಿಲ್ಲ. ನಾನು ಕ್ರಿಸ್ಟೋಫರ್ ಲೀ ಅಭಿನಯಿಸಿದ ಚಿತ್ರವನ್ನು ವೀಡಿಯೊ ಕ್ಯಾಸೆಟ್ಟಿನಲ್ಲಿ ನೋಡಿದ್ದವನು. ಡ್ರಾಕುಲನ ಮುಖ ನನಗೆ ಗೊತ್ತಿತ್ತು. ಹುಡುಗ ಹಾಳೆಯನ್ನು ಸುರುಳಿ ಸುತ್ತಿಕೊಂಡು ಹೋದ. ಮರುವಾರ ತಂದದ್ದು ಈ ಅಂಟಿಸಿರುವ ಚಿತ್ರ. ಮೊದಲ ಬಹುಮಾನ ಕೊಟ್ಟೆ.

ನಿವೃತ್ತಿಯ ಬಳಿಕ ಆ ಕಾದಂಬರಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಎರಡನೆಯ ಅಧ್ಯಾಯಕ್ಕೆ ಬಂದಾಗ ಪುಸ್ತಕ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಅಲ್ಲಿ ಡ್ರಾಕುಲ ಎತ್ತರದ ವೃದ್ಧ. ಉದ್ದನೆಯ ಬಿಳಿಮೀಸೆಯನ್ನು ಬಿಟ್ಟರೆ ನುಣ್ಣಗೆ ಕ್ಷೌರ ಮಾಡಿದ ಮುಖ. ಕೂಡಿಕೊಂಡ ದಟ್ಟ ಹುಬ್ಬುಗಳು. ಮೇಲ್ತುದಿ ಚೂಪಾದ ಕಿವಿಗಳು. ಅಡಿಯಿಂದ ಮುಡಿಯವರೆಗೆ ಕಪ್ಪು ಉಡುಪು. ಕೈಯಲ್ಲಿ ಹಳೆಯ ಕಾಲದ ಬೆಳ್ಳಿಯ ದೀಪ. ಮೂರನೆಯ ಅಧ್ಯಾಯದಲ್ಲಿ ಅವನು ಕೋಟೆಯ ಗೋಡೆಯ ಮೇಲೆ ತಲೆಕೆಳಗಾಗಿ ಇಳಿಯುತ್ತಾನೆ. ಲೇಖಕ ಕೊಟ್ಟಿರುವ ಹೋಲಿಕೆಯೂ ಹಲ್ಲಿಯದೇ. ಹಾಗಾದರೆ ಮೀಸೆಯನ್ನು ಬೋಳಿಸಿದವರು ಯಾರು? ಇತಿಹಾಸದ ಮೇಷ್ಟ್ರಾದ ನನಗೆ ಆ ಪ್ರಶ್ನೆ ಬಿಡಲಿಲ್ಲ.

ಬ್ರಾಮ್ ಸ್ಟೋಕರ್ 1847ರಲ್ಲಿ ಡಬ್ಲಿನ್ನಿನಲ್ಲಿ ಹುಟ್ಟಿದವನು. ಲಂಡನ್ನಿನ ಲೈಸಿಯಮ್ ರಂಗಮಂದಿರದಲ್ಲಿ ಮಹಾನಟ ಹೆನ್ರಿ ಅರ್ವಿಂಗನ ವ್ಯವಸ್ಥಾಪಕನಾಗಿ ಬಾಳಿನ ಬಹುಭಾಗ ಕಳೆದವನು. ಈ ಕಾದಂಬರಿಗಾಗಿ 1890ರಿಂದಲೇ ಟಿಪ್ಪಣಿ ಮಾಡಿಕೊಳ್ಳುತ್ತಿದ್ದ. 1897ರ ಮೇ ತಿಂಗಳಲ್ಲಿ ಆರ್ಚಿಬಾಲ್ಡ್ ಕಾನ್‌ಸ್ಟೆಬಲ್ ಸಂಸ್ಥೆ ಅದನ್ನು ಪ್ರಕಟಿಸಿತು. ಬೆಲೆ 6 ಶಿಲಿಂಗ್. ಹಳದಿ ಬಟ್ಟೆಯ ಕಟ್ಟು, ಅದರ ಮೇಲೆ ಕೆಂಪಕ್ಷರ, ಅಷ್ಟೇ. ಚಿತ್ರವೇ ಇರಲಿಲ್ಲ. ಇಂದು ಯಾವ ಮಗುವೂ ಗುರುತಿಸಬಲ್ಲ ಆ ಮುಖಕ್ಕೆ ಹುಟ್ಟಿದಾಗ ಮುಖವೇ ಇರಲಿಲ್ಲ!

ಇದರಲ್ಲಿ ಆಶ್ಚರ್ಯವೂ ಇಲ್ಲ. ಆ ಕಾಲದಲ್ಲಿ ಆರು ಶಿಲಿಂಗಿನ ಪುಸ್ತಕ ಮರ್ಯಾದಸ್ಥರ ಕಪಾಟಿಗೂ ಚಂದಾ ಗ್ರಂಥಾಲಯಗಳಿಗೂ ಹೋಗುವಂಥದು. ಬಣ್ಣಬಣ್ಣದ ಚಿತ್ರವಿರುವ ಮುಖಪುಟ ರೈಲು ನಿಲ್ದಾಣದ ಅಂಗಡಿಯ ಅಗ್ಗದ ಪುಸ್ತಕಗಳ ಲಕ್ಷಣ. 1850ರ ದಶಕದಿಂದ ಅಲ್ಲಿ 'ಹಳದಿ ಬೆನ್ನಿನ' ಪುಸ್ತಕಗಳು ಮಾರಾಟವಾಗುತ್ತಿದ್ದವು. ರಟ್ಟಿನ ಮೇಲೆ ಹೊಳಪಿನ ಹಳದಿ ಕಾಗದ, ಅದರ ಮೇಲೆ ಮರದಚ್ಚಿನಿಂದ ಒತ್ತಿದ ಬಣ್ಣದ ಚಿತ್ರ. ಪ್ರಯಾಣಿಕನು ರೈಲು ಹೊರಡುವ ಮುನ್ನ ಗಳಿಗೆಯಲ್ಲಿ ಆಯ್ಕೆ ಮಾಡಬೇಕು. ಚಿತ್ರವೇ ಅವನನ್ನು ಕೂಗಿ ಕರೆಯಬೇಕು.

ಡ್ರಾಕುಲನಿಗೂ ಚಿತ್ರ ಬಂದದ್ದು ಬೆಲೆ ಇಳಿದಾಗಲೇ. 1901ರಲ್ಲಿ ಅದೇ ಪ್ರಕಾಶಕರು ಕಾದಂಬರಿಯನ್ನು ಸಂಗ್ರಹಿಸಿ ಕಾಗದದ ಹೊದಿಕೆಯಲ್ಲಿ 6 ಪೆನ್ಸಿಗೆ ಮಾರಿದರು. ಶಿಲಿಂಗಿಗೆ ಹನ್ನೆರಡು ಪೆನ್ಸ್, ಅಂದರೆ ಬೆಲೆ ಹನ್ನೆರಡರಲ್ಲಿ ಒಂದು ಪಾಲು. (ನಮ್ಮ ಹಳೆಯ ಆಣೆಗೆ ಹನ್ನೆರಡು ಪೈ ಇದ್ದ ಲೆಕ್ಕವನ್ನು ನೆನೆಯಿರಿ.) ಅದರ ಮುಖಪುಟದಲ್ಲಿ ಡ್ರಾಕುಲನ ಮೊದಲ ಚಿತ್ರವೆಂದು ವಿದ್ವಾಂಸರು ಎಣಿಸುವ ಚಿತ್ರವಿದೆ. ಕೋಟೆಯ ಗೋಡೆ, ಬಾವಲಿಯ ರೆಕ್ಕೆಯಂತೆ ಹರಡಿದ ಕಪ್ಪು ನಿಲುವಂಗಿ, ತಲೆಕೆಳಗಾಗಿ ಇಳಿಯುತ್ತಿರುವ ನರೆಗೂದಲಿನ ಮುದುಕ, ಮೀಸೆ! ಅದನ್ನು ಕಂಪ್ಯೂಟರಿನ ಪರದೆಯ ಮೇಲೆ ಮೊದಲ ಬಾರಿ ಕಂಡಾಗ ನನ್ನ ಮುಖ ಬಿಸಿಯಾಯಿತು. ಆ ಚಿತ್ರಕಾರ ಪುಸ್ತಕವನ್ನು ಓದಿದ್ದ. ಲೇಖಕ ಬದುಕಿದ್ದಾಗಲೇ, ಲೇಖಕನ ಪ್ರಕಾಶಕರೇ ಹೊರತಂದ ಚಿತ್ರವದು. ತೊಂಬತ್ತು ವರ್ಷಗಳ ಬಳಿಕ ನಮ್ಮೂರಿನ ಹುಡುಗನೊಬ್ಬ, ಇದನ್ನು ನೋಡದೆಯೇ, ಅದೇ ಸಾಲುಗಳಿಂದ ಅದೇ ಮುದುಕನನ್ನು ಎತ್ತಿ ತಂದಿದ್ದ.

ಸ್ಟೋಕರ್ 1912ರಲ್ಲಿ ತೀರಿಕೊಂಡ. ಆಮೇಲೆ ಡ್ರಾಕುಲನ ರೂಪವನ್ನು ನಿರ್ಧರಿಸಿದವರು ಓದುಗರಲ್ಲ, ನೋಡುಗರು. 1922ರಲ್ಲಿ ಜರ್ಮನಿಯ ಮುರ್ನೌ ಅನುಮತಿಯಿಲ್ಲದೆಯೇ ಈ ಕಥೆಯನ್ನು 'ನೊಸ್ಫೆರಾಟು' ಎಂಬ ಮೂಕಿಚಿತ್ರ ಮಾಡಿದ. ಅದರ ವೇಷ, ರಂಗಸಜ್ಜು, ಭಿತ್ತಿಪತ್ರಗಳನ್ನೆಲ್ಲ ರೂಪಿಸಿದವನು ಆಲ್ಬಿನ್ ಗ್ರೌ ಎಂಬ ಚಿತ್ರಕಾರ. ಅವನ ಪಿಶಾಚಿಗೆ ಬೋಳು ತಲೆ, ಇಲಿಯಂಥ ಮುಂಹಲ್ಲು. ಸ್ಟೋಕರನ ವಿಧವೆ ಫ್ಲಾರೆನ್ಸ್ ನ್ಯಾಯಾಲಯಕ್ಕೆ ಹೋದಳು. ಪ್ರತಿಗಳನ್ನು ನಾಶಮಾಡಬೇಕೆಂದು 1925ರಲ್ಲಿ ಆಜ್ಞೆಯಾಯಿತು. ಆದರೂ ಕೆಲವು ಉಳಿದವು.

ಕಾಲರಿನ ಕಥೆ ಇನ್ನೂ ಸ್ವಾರಸ್ಯಕರ. 1924ರಲ್ಲಿ ಹ್ಯಾಮಿಲ್ಟನ್ ಡೀನ್ ಕಾದಂಬರಿಯನ್ನು ನಾಟಕ ಮಾಡಿ ಇಂಗ್ಲೆಂಡಿನ ಡರ್ಬಿಯಲ್ಲಿ ಆಡಿಸಿದ. ಗೋಡೆಯ ಮೇಲೆ ಹರಿಯುವ ಮುದುಕನನ್ನು ಸಂಚಾರಿ ಮಂಡಳಿ ರಂಗದ ಮೇಲೆ ತರುವುದಾದರೂ ಹೇಗೆ? ಆದ್ದರಿಂದ ಅವನನ್ನು ದೊಡ್ಡಮನುಷ್ಯರ ಬೈಠಕ್‌ಖಾನೆಗೆ ಬಂದು ಕೂರಬಲ್ಲ, ಸಂಜೆಯ ಔತಣದ ಉಡುಪು ತೊಟ್ಟ ಸಭ್ಯನನ್ನಾಗಿ ಮಾಡಿದ. ಆ ಎತ್ತರದ ಕಾಲರು ಸೊಗಸಿಗಾಗಿ ಬಂದದ್ದಲ್ಲ. ನಟ ಪ್ರೇಕ್ಷಕರಿಗೆ ಬೆನ್ನು ತಿರುಗಿಸಿದಾಗ ಅವನ ತಲೆ ಕಾಲರಿನ ಹಿಂದೆ ಮರೆಯಾಗುತ್ತಿತ್ತು. ಅಷ್ಟರಲ್ಲಿ ಅವನು ನಿಲುವಂಗಿಯಿಂದ ನುಸುಳಿ ಗುಪ್ತದ್ವಾರದಲ್ಲಿ ಜಾರಿಹೋದರೆ ನೋಡುವವರಿಗೆ ಮಂಗಮಾಯ! ನಮ್ಮ ಕಂಪೆನಿ ನಾಟಕಗಳ 'ಟ್ರಿಕ್ ಸೀನು' ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಮರೆಮಾಚುವ ಉಪಾಯಕ್ಕಾಗಿ ಹೊಲಿಸಿದ ಬಟ್ಟೆ ಇಂದಿಗೂ ಅವನ ಕತ್ತಿನ ಮೇಲೆ ನಿಂತಿದೆ.

1927ರಲ್ಲಿ ಆ ನಾಟಕ ಪರಿಷ್ಕಾರಗೊಂಡು ನ್ಯೂಯಾರ್ಕಿನ ಬ್ರಾಡ್‌ವೇಗೆ ಹೋಯಿತು. ಹಂಗೆರಿಯ ಬೇಲಾ ಲುಗೋಸಿ ಅದರಲ್ಲಿ ಡ್ರಾಕುಲನಾದ. 1931ರಲ್ಲಿ ಯೂನಿವರ್ಸಲ್ ಸಂಸ್ಥೆಯ ಚಲನಚಿತ್ರದಲ್ಲೂ ಅವನೇ. ಮೀಸೆಯಿಲ್ಲದ ಮುಖ, ನುಣ್ಣಗೆ ಬಾಚಿದ ಕಪ್ಪು ಕೂದಲು. ವಿಚಿತ್ರವೆಂದರೆ ಆ ಚಿತ್ರದಲ್ಲಿ ಅವನಿಗೆ ಕೋರೆಹಲ್ಲು ಕಾಣುವುದೇ ಇಲ್ಲ. ಅದು ಪ್ರಸಿದ್ಧವಾದದ್ದು 1958ರ ಲೀಯ ವರ್ಣಚಿತ್ರದಿಂದ. 1931ರಲ್ಲೇ ಅಮೆರಿಕದ ಗ್ರಾಸೆಟ್ ಅಂಡ್ ಡನ್‌ಲಾಪ್ ಸಂಸ್ಥೆ ಚಲನಚಿತ್ರದ ಹೆಸರಿನಲ್ಲಿ ಕಾದಂಬರಿಯನ್ನು ಅಗ್ಗವಾಗಿ ಮುದ್ರಿಸಿತು. ಅಂದಿನಿಂದ ಮುಖಪುಟ ಬರೆಯುವ ಅನೇಕರು ಪುಸ್ತಕ ತೆರೆಯುವ ಮೊದಲೇ ಪರದೆಯನ್ನು ನೋಡಿರುತ್ತಿದ್ದರು. ಮಧ್ಯೆ ಒಮ್ಮೆ, 1970ರ ಒಂದು ಚಿತ್ರದಲ್ಲಿ, ಲೀ ಬಿಳಿಮೀಸೆಯ ಮುದುಕನಾಗಿಯೇ ಕಾಣಿಸಿಕೊಂಡ. ಅದು ಹೆಚ್ಚು ಜನರ ನೆನಪಿನಲ್ಲಿ ಉಳಿಯಲಿಲ್ಲ.

ಲುಗೋಸಿಯ ಆ ಮುಖಕ್ಕಾಗಿ ವ್ಯಾಜ್ಯವೂ ನಡೆಯಿತು. ಅವನು 1956ರಲ್ಲಿ ಕಾಲವಾದ. ಆಟಿಕೆ, ಅಂಗಿಗಳ ಮೇಲೆ ತಂದೆಯ ಮುಖವನ್ನು ಮಾರುತ್ತಿದ್ದಾರೆಂದು ಮಗನೂ ವಿಧವೆಯೂ ದಾವೆ ಹೂಡಿದರು. 1979ರಲ್ಲಿ ಕ್ಯಾಲಿಫೋರ್ನಿಯದ ಸರ್ವೋಚ್ಚ ನ್ಯಾಯಾಲಯ ಅವರ ವಿರುದ್ಧ ತೀರ್ಪಿತ್ತಿತು. ಮುಖದ ಆ ಹಕ್ಕು ವಾರಸುದಾರರಿಗೆ ಬರುವುದಿಲ್ಲವೆಂದು ಅದರ ಸಾರ.

ಒಂದು ಚಿತ್ರ ಮನಸ್ಸಿನಲ್ಲಿ ಹೇಗೆ ಬೇರೂರುತ್ತದೆಂಬುದು ನಮಗೂ ಗೊತ್ತಿರುವುದೇ. 'ಚಂದಮಾಮ' ಓದಿ ಬೆಳೆದವರು ಬೇತಾಳವನ್ನು ನೆನೆದರೆ ಸಾಕು, ಹೆಗಲ ಮೇಲೆ ಶವ, ಕೈಯಲ್ಲಿ ಕತ್ತಿ, ಹಿಂದೆ ಸ್ಮಶಾನ, ಹೀಗೆ ಶಂಕರ್ ಅವರ ಕುಂಚದ ವಿಕ್ರಮನೇ ಎದ್ದು ಬರುತ್ತಾನೆ. ಅವರು 2020ರಲ್ಲಿ ತೀರಿಕೊಂಡಾಗ ನಾನು ಮೊಮ್ಮಗಳಿಗೆ ಆ ಚಿತ್ರವನ್ನು ತೋರಿಸಿದ್ದೆ. ಅಂದು ಯಾವ ವಿದ್ಯಾರ್ಥಿಯಾದರೂ ಬೇರೆ ಬಗೆಯ ಬೇತಾಳನನ್ನು ಬರೆದಿದ್ದರೆ ಅದಕ್ಕೂ ನಾನು ಅಂಕ ಕಳೆಯುತ್ತಿದ್ದೆನೇನೋ.

ಇನ್ನೊಂದು ವಿಷಯ ಹೇಳಬೇಕು. ಆ ಮೊದಲ ಚಿತ್ರದಲ್ಲಿ ಮುದುಕ ಎತ್ತಿದ ಅಂಗೈಯ ನಡುವೆ ಸಣ್ಣ ಸಣ್ಣ ಗೆರೆಗಳಿದ್ದವು. ಶಾಯಿ ಸಿಡಿದಿದೆಯೆಂದು ತಿಳಿದು, "ಗಲೀಜು ಮಾಡಿದ್ದೀಯಲ್ಲೋ" ಎಂದೂ ಬೈದಿದ್ದೆ. ಕಾದಂಬರಿಯಲ್ಲಿ ಡ್ರಾಕುಲನ ಅಂಗೈಯ ಮಧ್ಯೆ ಕೂದಲು ಬೆಳೆದಿರುತ್ತದೆ. 1901ರ ಮುಖಪುಟದಲ್ಲೂ ನನಗೆ ಅದು ಕಾಣಲಿಲ್ಲ.

ಆ ಹುಡುಗನಿಗೆ ಈಗ ನಲವತ್ತೆಂಟರ ಮೇಲಾಗಿರಬೇಕು. ಹೆಸರು ಹೇಳಿ ಮತ್ತೊಮ್ಮೆ ಅವನನ್ನು ಎಲ್ಲರ ಮುಂದೆ ನಿಲ್ಲಿಸಲಾರೆ. ಅಪ್ಪಾ, ನೀನು ಇದನ್ನು ಓದುತ್ತಿದ್ದರೆ ಒಂದು ಮಾತು ಬರೆ. ತಪ್ಪು ನನ್ನದು. ಆ ಸುರುಳಿ ನಿನ್ನಲ್ಲಿ ಇನ್ನೂ ಉಳಿದಿದ್ದರೆ ನೋಡಬೇಕೆಂಬ ಆಸೆಯಿದೆ. ಸಂಚಿಕೆಯ ಆ ಪುಟದ ಎದುರಿನ ಹಾಳೆ ಖಾಲಿಯಿದೆ.